ಮೂರು ನಿಮಿಷದ ಕುಣಿತ: ಶತಮಾನದ ಹಿಂದಿನ ನೃತ್ಯವಾದ್ಯವೃಂದಗಳನ್ನು ಆಲಿಸುವ ಬಗೆ

ಸೂಜಿಯು ಗ್ರಾಮಫೋನ್ ತಟ್ಟೆಯನ್ನು ಮುಟ್ಟಿದೊಡನೆ ಮೊದಲು ಕೇಳಿಸುವುದು ಕರಕರ ಸದ್ದು. ಅದರ ಹಿಂದೆ, ಎಲ್ಲೋ ದೂರದ ಕೋಣೆಯಲ್ಲಿ ನುಡಿಸುತ್ತಿರುವಂತೆ, ಪಿಟೀಲು, ಬ್ಯಾಂಜೊ ಮತ್ತು ಕಾರ್ನೆಟ್‌ಗಳ ಮಿಶ್ರಧ್ವನಿ. 1910ರಿಂದ 1930ರವರೆಗಿನ ಅವಧಿಯಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಮುದ್ರಣಗೊಂಡ ನೃತ್ಯಸಂಗೀತವನ್ನು ಮೊದಲ ಬಾರಿಗೆ ಕೇಳುವ ಬಹುಪಾಲು ಜನರು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಹಳೆಯ ಕಾಲದ ಕುತೂಹಲದ ವಸ್ತುವೆಂದು ಅದನ್ನು ಬದಿಗಿಡುತ್ತಾರೆ.

ವಾಸ್ತವದಲ್ಲಿ ಹಳತಾಗಿರುವುದು ಆ ಸಂಗೀತವನ್ನು ಹಿಡಿದಿಟ್ಟ ಯಂತ್ರ. ಯಂತ್ರದ ಮಿತಿ ಯಾವುದು, ವಾದ್ಯಗಾರರ ಕೌಶಲ ಯಾವುದು ಎಂಬುದನ್ನು ಬೇರ್ಪಡಿಸಿ ಕೇಳಲು ಕಲಿತವರಿಗೆ ಅದೇ ತಟ್ಟೆಯಲ್ಲಿ ಚುರುಕಾದ, ಲೆಕ್ಕಾಚಾರ ತುಂಬಿದ, ಕಾಲನ್ನು ತಾನಾಗಿ ಕುಣಿಸುವ ಸಂಗೀತವು ದೊರೆಯುತ್ತದೆ. ಇದಕ್ಕೆ ಸಂಗೀತಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಆ ಸಂಗೀತ ಯಾರಿಗಾಗಿ, ಯಾರಿಂದ ಮತ್ತು ಯಾವ ಕಟ್ಟುಪಾಡಿನಲ್ಲಿ ಸಿದ್ಧವಾಯಿತು ಎಂಬ ಅರಿವಿದ್ದರೆ ಸಾಕು.

ಕುಣಿಯುವವರಿಗಾಗಿ ಹುಟ್ಟಿದ್ದು

ಇಪ್ಪತ್ತನೇ ಶತಮಾನದ ಆರಂಭದವರೆಗೆ ಪಾಶ್ಚಾತ್ಯ ನೃತ್ಯಕೂಟಗಳಲ್ಲಿ ವಾಲ್ಟ್ಜ್ ಮತ್ತು ಟೂ ಸ್ಟೆಪ್ ಕುಣಿತಗಳದ್ದೇ ಮೇಲುಗೈಯಾಗಿತ್ತು. 1910ರ ನಂತರ ಈ ಚಿತ್ರ ಬದಲಾಯಿತು. ಅಮೆರಿಕದ ಕಪ್ಪುವರ್ಣೀಯ ಸಂಗೀತಗಾರರು ರೂಪಿಸಿದ ರ‍್ಯಾಗ್‌ಟೈಮ್ ಎಂಬ ಲಯಪ್ರಧಾನ ಶೈಲಿಯು ನೃತ್ಯಶಾಲೆಗಳನ್ನು ಪ್ರವೇಶಿಸಿತು. ಅರ್ಜೆಂಟೀನಾದ ಟ್ಯಾಂಗೊ ಪ್ಯಾರಿಸ್ ಮತ್ತು ಲಂಡನ್ ಮಾರ್ಗವಾಗಿ ನ್ಯೂಯಾರ್ಕ್ ತಲುಪಿತು. ಒನ್ ಸ್ಟೆಪ್, ಟರ್ಕಿ ಟ್ರಾಟ್ ಮುಂತಾದ ಹೊಸ ಕುಣಿತಗಳು ಒಂದರ ಹಿಂದೊಂದರಂತೆ ಬಂದವು. 1914ರ ಸುಮಾರಿಗೆ ಫಾಕ್ಸ್‌ಟ್ರಾಟ್ ಕಾಣಿಸಿಕೊಂಡು ಮುಂದಿನ ಎರಡು ದಶಕಗಳ ಪ್ರಧಾನ ಕುಣಿತವೆನಿಸಿತು.

ಈ ಹುಚ್ಚಿಗೆ ಶಿಷ್ಟಾಚಾರದ ರೂಪ ನೀಡಿದವರು ಇಂಗ್ಲೆಂಡ್ ಮೂಲದ ವರ್ನನ್ ಕ್ಯಾಸಲ್ ಮತ್ತು ಅವರ ಪತ್ನಿ, ಅಮೆರಿಕದ ಐರೀನ್ ಕ್ಯಾಸಲ್. ನ್ಯೂಯಾರ್ಕ್‌ನಲ್ಲಿ ಕ್ಯಾಸಲ್ ಹೌಸ್ ಎಂಬ ನೃತ್ಯಶಾಲೆಯನ್ನು ನಡೆಸುತ್ತಿದ್ದ ಈ ದಂಪತಿಗಳು, ಅಸಭ್ಯವೆಂಬ ಟೀಕೆಗೆ ಗುರಿಯಾಗಿದ್ದ ಹೊಸ ಕುಣಿತಗಳನ್ನು ಶ್ರೀಮಂತ ಮನೆತನಗಳೂ ಒಪ್ಪುವಂತೆ ತಿದ್ದಿ ಕಲಿಸಿದರು. ಮನೆಯಲ್ಲಿಯೇ ಕುಣಿತ ಅಭ್ಯಾಸ ಮಾಡಬೇಕೆಂದವರಿಗೆ ವಾದ್ಯವೃಂದವನ್ನು ಕರೆಸುವುದು ಸಾಧ್ಯವಿರಲಿಲ್ಲ. ಅವರಿಗೆ ಗ್ರಾಮಫೋನ್ ತಟ್ಟೆಯೇ ವಾದ್ಯವೃಂದವಾಯಿತು. ಆ ಕಾಲದ ತಟ್ಟೆಗಳ ಮೇಲೆ ಹಾಡಿನ ಹೆಸರಿನ ಜೊತೆಗೆ ಅದು ಫಾಕ್ಸ್‌ಟ್ರಾಟ್, ಒನ್ ಸ್ಟೆಪ್ ಅಥವಾ ವಾಲ್ಟ್ಜ್ ಎಂಬುದನ್ನೂ ಮುದ್ರಿಸುತ್ತಿದ್ದುದು ಈ ಕಾರಣದಿಂದಲೇ. ಯಾವ ಹೆಜ್ಜೆ ಹಾಕಬೇಕೆಂಬುದು ಗಿರಾಕಿಗೆ ಮೊದಲೇ ತಿಳಿದಿರಬೇಕಿತ್ತು.

ಜೇಮ್ಸ್ ರೀಸ್ ಯುರೋಪ್

ಕ್ಯಾಸಲ್ ದಂಪತಿಗಳ ಕುಣಿತಕ್ಕೆ ಸಂಗೀತ ಒದಗಿಸಿದವರು ಜೇಮ್ಸ್ ರೀಸ್ ಯುರೋಪ್. ಅಲಬಾಮಾ ರಾಜ್ಯದ ಮೊಬೈಲ್ ಪಟ್ಟಣದಲ್ಲಿ ಜನಿಸಿದ ಅವರು 1910ರಲ್ಲಿ ನ್ಯೂಯಾರ್ಕ್‌ನಲ್ಲಿ ಕ್ಲೆಫ್ ಕ್ಲಬ್ ಎಂಬ ಸಂಘವನ್ನು ಸ್ಥಾಪಿಸಿದರು. ಕಪ್ಪುವರ್ಣೀಯ ವಾದ್ಯಗಾರರಿಗೆ ಕೆಲಸ ಕೊಡಿಸುವುದು ಮತ್ತು ನ್ಯಾಯವಾದ ಸಂಭಾವನೆ ದೊರಕುವಂತೆ ನೋಡಿಕೊಳ್ಳುವುದು ಅದರ ಉದ್ದೇಶವಾಗಿತ್ತು. 1912ರ ಮೇ 2ರಂದು ಈ ಸಂಘದ ನೂರಕ್ಕೂ ಹೆಚ್ಚು ವಾದ್ಯಗಾರರು ಕಾರ್ನೆಗಿ ಹಾಲ್‌ನಲ್ಲಿ ಕಾರ್ಯಕ್ರಮ ನೀಡಿದರು.

ಆಗಿನ ವರ್ಣಭೇದದ ಸ್ವರೂಪವನ್ನು ತಿಳಿಸುವ ಒಂದು ಸಂಗತಿಯನ್ನು ಯುರೋಪ್ ಅವರ ಬಳಗದಲ್ಲಿದ್ದ ಪಿಯಾನೊ ವಾದಕ ಯೂಬಿ ಬ್ಲೇಕ್ ನೆನಪಿಸಿಕೊಂಡಿದ್ದಾರೆ. ಕಪ್ಪುವರ್ಣೀಯರಿಗೆ ಸ್ವರಲಿಪಿ ಓದಲು ಬಾರದು, ಅವರದು ಹುಟ್ಟುಪ್ರತಿಭೆ ಮಾತ್ರ ಎಂದು ಶ್ರೀಮಂತ ಬಿಳಿಯ ಅತಿಥಿಗಳು ನಂಬಿದ್ದರು. ಆದ್ದರಿಂದ ಸ್ವರಲಿಪಿಯನ್ನು ನಿರರ್ಗಳವಾಗಿ ಓದಬಲ್ಲ ವಾದ್ಯಗಾರರು ಹೊಸ ಹಾಡುಗಳನ್ನೆಲ್ಲ ಮುಂಚಿತವಾಗಿ ಕಂಠಪಾಠ ಮಾಡಿಕೊಂಡು, ಹಾಳೆಯಿಲ್ಲದೆ ಕುಳಿತು ನುಡಿಸಬೇಕಾಗುತ್ತಿತ್ತು.

ಯುರೋಪ್ ಅವರ ಸೊಸೈಟಿ ಆರ್ಕೆಸ್ಟ್ರಾವು ವಿಕ್ಟರ್ ಕಂಪನಿಗಾಗಿ 1913ರ ಡಿಸೆಂಬರ್ ಮತ್ತು 1914ರ ಫೆಬ್ರವರಿಯಲ್ಲಿ ಧ್ವನಿಮುದ್ರಣ ಮಾಡಿತು. ಇವುಗಳಲ್ಲಿ 'ಕ್ಯಾಸಲ್ ಹೌಸ್ ರ‍್ಯಾಗ್' ಇಂದಿಗೂ ಬೆರಗು ಮೂಡಿಸುವಂಥದ್ದು. ಆರಂಭದಲ್ಲಿ ಶಿಸ್ತಿನಿಂದ ಸಾಗುವ ವಾದ್ಯವೃಂದವು ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಕಟ್ಟು ಬಿಚ್ಚಿದಂತೆ ಮುನ್ನುಗ್ಗುತ್ತದೆ. ಬಡ್ಡಿ ಗಿಲ್ಮೋರ್ ಅವರ ಡ್ರಮ್ ವಾದನವು ಅಲ್ಲಿ ಕೇವಲ ತಾಳ ಹಾಕದೆ ಉಳಿದ ವಾದ್ಯಗಳೊಡನೆ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ಜಾಝ್ ಎಂಬ ಹೆಸರಿನಲ್ಲಿ ಮೊದಲ ತಟ್ಟೆ ಹೊರಬಿದ್ದದ್ದು 1917ರಲ್ಲಿ. ಅದನ್ನು ನುಡಿಸಿದ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್‌ನ ಸದಸ್ಯರು ಬಿಳಿಯರು. ಅದಕ್ಕೂ ಮೂರು ವರ್ಷ ಮೊದಲೇ ಆ ಸಂಗೀತದ ಕಸುವು ಯಾರ ಕೈಯಲ್ಲಿತ್ತು ಎಂಬುದಕ್ಕೆ ಈ ತಟ್ಟೆ ಸಾಕ್ಷಿಯಾಗಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿದೆ.

ವರ್ನನ್ ಕ್ಯಾಸಲ್ 1918ರಲ್ಲಿ ಟೆಕ್ಸಾಸ್‌ನ ವಿಮಾನ ತರಬೇತಿಯ ವೇಳೆ ಅಪಘಾತದಲ್ಲಿ ಮೃತಪಟ್ಟರು. ಮೊದಲ ಮಹಾಯುದ್ಧದಲ್ಲಿ 369ನೇ ಪದಾತಿದಳದ ಬ್ಯಾಂಡ್ ಮುನ್ನಡೆಸಿ ಫ್ರಾನ್ಸ್‌ನಲ್ಲಿ ಹೆಸರು ಗಳಿಸಿದ ಯುರೋಪ್, ಮರಳಿ ಬಂದು ಕೆಲವೇ ತಿಂಗಳಲ್ಲಿ, 1919ರ ಮೇ 9ರಂದು ಬಾಸ್ಟನ್‌ನಲ್ಲಿ ತಮ್ಮದೇ ಬ್ಯಾಂಡಿನ ಡ್ರಮ್ ವಾದಕನೊಬ್ಬನ ಇರಿತಕ್ಕೆ ಬಲಿಯಾದರು. ಅವರ ಸಂಗೀತದಲ್ಲಿ ಇಂದು ಕೇಳಲು ಉಳಿದಿರುವುದು ವಿಕ್ಟರ್ ಕಂಪನಿಯ ಬೆರಳೆಣಿಕೆಯ ತಟ್ಟೆಗಳು ಮತ್ತು ಕೊನೆಯ ತಿಂಗಳುಗಳಲ್ಲಿ ಪಾಥೆ ಕಂಪನಿಗೆ ನುಡಿಸಿದ ತಟ್ಟೆಗಳು ಮಾತ್ರ.

ತುತ್ತೂರಿಯ ಮುಂದೆ ವಾದ್ಯವೃಂದ

1925ಕ್ಕೂ ಮುಂಚಿನ ತಟ್ಟೆಗಳಿಗೆ ಮೈಕ್ರೊಫೋನ್ ಬಳಕೆಯಾಗಿಲ್ಲ. ವಾದ್ಯಗಾರರು ಗೋಡೆಯಿಂದ ಹೊರಚಾಚಿದ ದೊಡ್ಡ ತುತ್ತೂರಿಯೊಂದರ ಸುತ್ತ ಒತ್ತಾಗಿ ನಿಂತು ನುಡಿಸುತ್ತಿದ್ದರು. ಶಬ್ದದ ಅಲೆಗಳು ತುತ್ತೂರಿಯ ತುದಿಯಲ್ಲಿನ ತೆಳುಪೊರೆಯನ್ನು ಅಲುಗಿಸುತ್ತಿದ್ದವು. ಆ ಅಲುಗಾಟವು ಸೂಜಿಯ ಮೂಲಕ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತಿತ್ತು. ಈ ಕ್ರಮದಲ್ಲಿ ತೀರ ತಗ್ಗಿನ ಮತ್ತು ತೀರ ಏರಿನ ಸ್ವರಗಳು ದಾಖಲಾಗುತ್ತಲೇ ಇರಲಿಲ್ಲ.

ಹೀಗಾಗಿ ವಾದ್ಯವೃಂದವೇ ಯಂತ್ರಕ್ಕೆ ತಕ್ಕಂತೆ ಮಾರ್ಪಾಡಾಯಿತು. ತಂತಿಯ ಡಬಲ್ ಬಾಸ್ ಧ್ವನಿ ತುತ್ತೂರಿಗೆ ಮುಟ್ಟದ ಕಾರಣ ಅದರ ಜಾಗಕ್ಕೆ ಹಿತ್ತಾಳೆಯ ಟ್ಯೂಬಾ ಬಂದಿತು. ದೊಡ್ಡ ಡ್ರಮ್ಮಿನ ಹೊಡೆತಕ್ಕೆ ಸೂಜಿ ಗೆರೆಯಿಂದ ಹಾರಿಬಿಡುವ ಅಪಾಯವಿದ್ದುದರಿಂದ ಡ್ರಮ್ ವಾದಕರು ಮರದ ತುಂಡು, ದನದ ಗಂಟೆಗಳನ್ನು ಬಡಿದು ತಾಳ ಹಿಡಿದರು. ಪಿಟೀಲಿನ ಮೆಲುದನಿಗಾಗಿ ಮರದ ಪೆಟ್ಟಿಗೆಯ ಬದಲು ಲೋಹದ ಕೊಳವೆ ಜೋಡಿಸಿದ ಸ್ಟ್ರೋ ಪಿಟೀಲನ್ನು ಬಳಸಲಾಯಿತು. ಬ್ಯಾಂಜೊ ಚುರುಕಾಗಿ ದಾಖಲಾಗುತ್ತಿದ್ದುದರಿಂದ ಅದಕ್ಕೆ ಬೇಡಿಕೆ ಹೆಚ್ಚಿತು.

ಕಾಲಮಿತಿಯೂ ಕಠಿಣವಾಗಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ತಪ್ಪಾದರೆ ತಿದ್ದುವಂತಿರಲಿಲ್ಲ, ಮೊದಲಿನಿಂದ ಮತ್ತೆ ನುಡಿಸಬೇಕಿತ್ತು. ಕೇಳುಗರ ಕಿವಿಗೆ ಇಂದು ಬೀಳುವುದು ಒಂದೇ ಉಸಿರಿನಲ್ಲಿ, ಒಂದೇ ಕೋಣೆಯಲ್ಲಿ ನಡೆದ ವಾದನ ಎಂಬುದು ಗಮನಾರ್ಹ.

ಸ್ಯಾಕ್ಸೊಫೋನ್ ಬಂದ ಮೇಲೆ

1919ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆರ್ಟ್ ಹಿಕ್‌ಮನ್ ಅವರ ವಾದ್ಯವೃಂದವು ಕೊಲಂಬಿಯಾ ಕಂಪನಿಗೆ ತಟ್ಟೆಗಳನ್ನು ನೀಡಿತು. ಸ್ಯಾಕ್ಸೊಫೋನ್‌ಗಳು ಜೊತೆಗೂಡಿ ನುಡಿಸುವ ಪದ್ಧತಿಗೆ ಈ ವೃಂದವೇ ನಾಂದಿ ಹಾಡಿತೆನ್ನಲಾಗುತ್ತದೆ. ಮರುವರ್ಷ ಪಾಲ್ ವೈಟ್‌ಮನ್ ಅವರ ವಾದ್ಯವೃಂದದ 'ವಿಸ್ಪರಿಂಗ್' ಎಂಬ ಫಾಕ್ಸ್‌ಟ್ರಾಟ್ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದರ ನಡುವೆ ಬರುವ ಜಾರುಸೀಟಿಯ ಏಕವಾದನವು ಕೇಳುಗರ ಮುಖದಲ್ಲಿ ಇಂದಿಗೂ ನಗು ಮೂಡಿಸುತ್ತದೆ.

ಫರ್ಡಿ ಗ್ರೋಫೆ ಅವರಂಥ ಸಂಯೋಜಕರು ವೈಟ್‌ಮನ್ ವೃಂದಕ್ಕೆ ಪ್ರತಿಯೊಂದು ವಾದ್ಯದ ಪಾಲನ್ನೂ ಬರೆದುಕೊಡುತ್ತಿದ್ದರು. ಇತ್ತ ನ್ಯೂಯಾರ್ಕ್‌ನ ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ಫ್ಲೆಚರ್ ಹೆಂಡರ್ಸನ್ ಅವರ ಕಪ್ಪುವರ್ಣೀಯ ವಾದ್ಯವೃಂದವು ಬೇರೆಯೇ ದಾರಿ ತೆರೆಯಿತು. 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಈ ವೃಂದವನ್ನು ಸೇರಿದರು. ಡಾನ್ ರೆಡ್‌ಮನ್ ಬರೆದ ಕಟ್ಟುನಿಟ್ಟಿನ ಸಂಯೋಜನೆಗಳ ನಡುವೆ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ಹಿಡಿದು ಏಕವಾದನಕ್ಕೆ ನಿಂತರೆ ಇಡೀ ವೃಂದದ ನಡಿಗೆಯೇ ಬದಲಾದಂತೆ ಭಾಸವಾಗುತ್ತದೆ. ಲಂಡನ್ನಿನಲ್ಲಿ ಸವಾಯ್ ಹೋಟೆಲಿನ ಸವಾಯ್ ಆರ್ಫಿಯನ್ಸ್ ಹಾಗೂ ಜ್ಯಾಕ್ ಹಿಲ್ಟನ್ ಅವರ ವೃಂದಗಳು ಬಾನುಲಿ ಮತ್ತು ತಟ್ಟೆಗಳ ಮೂಲಕ ಮನೆಮಾತಾದವು.

ಹೇಗೆ ಆಲಿಸಬೇಕು?

ಕರ್ನಾಟಕ ಅಥವಾ ಹಿಂದೂಸ್ಥಾನಿ ಸಂಗೀತಕ್ಕೆ ಒಗ್ಗಿದ ಕಿವಿಗೆ ಈ ಸಂಗೀತದಲ್ಲಿ ರಾಗದ ವಿಸ್ತಾರ ಸಿಗುವುದಿಲ್ಲ. ಅದನ್ನು ಇಲ್ಲಿ ಹುಡುಕಿದರೆ ನಿರಾಶೆಯೇ ಗತಿ. ಬದಲಿಗೆ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದಾಗಿದೆ.

ಮೊದಲ ಸಲ ಕೇಳುವಾಗ ರಾಗದ ಎಳೆಯನ್ನು ಬಿಟ್ಟು ತಳದ ವಾದ್ಯವನ್ನು, ಅಂದರೆ ಟ್ಯೂಬಾ ಅಥವಾ ಪಿಯಾನೊದ ಎಡಗೈಯನ್ನು ಹಿಂಬಾಲಿಸಬೇಕು. ಫಾಕ್ಸ್‌ಟ್ರಾಟ್ ಆದರೆ ನಾಲ್ಕರ ಎಣಿಕೆ, ವಾಲ್ಟ್ಜ್ ಆದರೆ ಮೂರರ ಎಣಿಕೆ. ಕಾಲಿನಿಂದ ನೆಲ ತಟ್ಟುತ್ತ ಕೇಳಿದರೆ ಕರಕರ ಸದ್ದು ತಾನಾಗಿ ಹಿಂದೆ ಸರಿಯುತ್ತದೆ.

ಎರಡನೆಯ ಸಲ ಪಲ್ಲವಿಯನ್ನು ಗುರುತಿಸಬೇಕು. ಆ ಕಾಲದ ಬಹುಪಾಲು ಜನಪ್ರಿಯ ಹಾಡುಗಳ ಪಲ್ಲವಿಯು 32 ಆವರ್ತಗಳ ಕಟ್ಟಿನದು. ಮೂರು ನಿಮಿಷದೊಳಗೆ ಅದು ಹಲವು ಸಲ ಮರಳಿ ಬರುತ್ತದೆ. ಒಮ್ಮೆ ಪಿಟೀಲಿನಲ್ಲಿ, ಇನ್ನೊಮ್ಮೆ ಸ್ಯಾಕ್ಸೊಫೋನ್‌ನಲ್ಲಿ, ಕಡೆಗೆ ಎಲ್ಲ ವಾದ್ಯಗಳಲ್ಲಿ. ನಮ್ಮ ಕಛೇರಿಯಲ್ಲಿ ಒಂದೇ ಸಾಲು ಸಂಗತಿಯಿಂದ ಸಂಗತಿಗೆ ಬೆಳೆಯುವಂತೆ ಇಲ್ಲಿ ಒಂದೇ ಸಾಲು ವಾದ್ಯದಿಂದ ವಾದ್ಯಕ್ಕೆ ಬಣ್ಣ ಬದಲಿಸುತ್ತದೆ.

ಮೂರನೆಯ ಸಲ ಮುಖ್ಯ ಸ್ವರಸಾಲಿನ ಹಿಂದೆ ನಡೆಯುವ ಮಾತುಕತೆಗೆ ಕಿವಿಗೊಡಬೇಕು. ಕಾರ್ನೆಟ್ ಹಾಡನ್ನು ನುಡಿಸುವಾಗ ಕ್ಲ್ಯಾರಿನೆಟ್ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ. ಟ್ರೊಂಬೋನ್ ಕೆಳಗಿನಿಂದ ಉತ್ತರ ಕೊಡುತ್ತದೆ. ಸಂಯೋಜಕರ ಜಾಣ್ಮೆ ಇರುವುದು ಇಲ್ಲಿಯೇ.

ಇಪ್ಪತ್ತರ ದಶಕದ ಮಧ್ಯಭಾಗದ ನಂತರದ ತಟ್ಟೆಗಳಲ್ಲಿ ಗಾಯಕರ ಧ್ವನಿ ನಡುವೆ ಒಮ್ಮೆ ಬಂದು ಹೋಗುವುದು ವಾಡಿಕೆ. ಗಾಯಕ ಅಲ್ಲಿ ಅತಿಥಿ, ವಾದ್ಯವೃಂದವೇ ಮನೆಯ ಯಜಮಾನ. ಎಷ್ಟೋ ತಟ್ಟೆಗಳು ಗಾಯಕರ ಹೆಸರನ್ನೂ ಮುದ್ರಿಸುತ್ತಿರಲಿಲ್ಲ.

ಯಂತ್ರ ಮತ್ತು ಸಂಗೀತವನ್ನು ಬೇರ್ಪಡಿಸಿ ಕೇಳುವ ಅಭ್ಯಾಸಕ್ಕೆ ಒಂದು ಜೋಡಿ ಅತ್ಯಂತ ಉಪಯುಕ್ತವಾಗಿದೆ. ಜಾರ್ಜ್ ಗರ್ಶ್ವಿನ್ ಅವರ 'ರಾಪ್ಸಡಿ ಇನ್ ಬ್ಲೂ' ಕೃತಿಯನ್ನು ವೈಟ್‌ಮನ್ ವೃಂದವು 1924ರ ಫೆಬ್ರವರಿ 12ರಂದು ನ್ಯೂಯಾರ್ಕ್‌ನಲ್ಲಿ ಮೊದಲ ಬಾರಿಗೆ ನುಡಿಸಿತು. ಇದು ಕುಣಿತಕ್ಕೆಂದು ರಚಿತವಾದುದಲ್ಲವಾದರೂ ನುಡಿಸಿದ್ದು ನೃತ್ಯವಾದ್ಯವೃಂದ. ಅದೇ ವರ್ಷ ಜೂನ್‌ನಲ್ಲಿ ತುತ್ತೂರಿಯ ಮುಂದೆ, ಪುನಃ 1927ರ ಏಪ್ರಿಲ್‌ನಲ್ಲಿ ಮೈಕ್ರೊಫೋನ್ ಮುಂದೆ ಇದರ ಸಂಕ್ಷಿಪ್ತ ರೂಪ ಮುದ್ರಣವಾಯಿತು. ಎರಡರಲ್ಲಿಯೂ ಪಿಯಾನೊ ನುಡಿಸಿದವರು ಗರ್ಶ್ವಿನ್. ಎರಡನೆಯದನ್ನು ಮೊದಲು ಕೇಳಿ, ಅನಂತರ ಮೊದಲನೆಯದನ್ನು ಕೇಳಿದರೆ ತುತ್ತೂರಿಯು ಏನನ್ನು ನುಂಗಿಹಾಕಿತ್ತು ಎಂಬುದು ಸ್ಪಷ್ಟವಾಗುತ್ತದೆ. ಹಾಗೆಯೇ ರಾಸ್ ಗೋರ್ಮನ್ ಅವರ ಕ್ಲ್ಯಾರಿನೆಟ್ ಮೇಲೇರುವ ಆರಂಭದ ಚೇಷ್ಟೆಯನ್ನು ಯಾವ ತುತ್ತೂರಿಯೂ ನುಂಗಲಾಗಲಿಲ್ಲ ಎಂಬುದೂ ತಿಳಿಯುತ್ತದೆ.

ಮುಂಬೈಗೆ ಬಂದ ಕಾರ್ನೆಟ್

ಈ ಸಂಗೀತ ಭಾರತಕ್ಕೆ ತಟ್ಟೆಗಳ ಮೂಲಕ ಮಾತ್ರ ಬಂದುದಲ್ಲ. 1913–14ರಲ್ಲಿ ಯುರೋಪ್ ಅವರ ಸೊಸೈಟಿ ಆರ್ಕೆಸ್ಟ್ರಾದಲ್ಲಿ ಕಾರ್ನೆಟ್ ನುಡಿಸಿದ್ದ ಕ್ರಿಕೆಟ್ ಸ್ಮಿತ್, ಎರಡು ದಶಕಗಳ ತರುವಾಯ ಲಿಯಾನ್ ಆಬಿ ಅವರ ತಂಡದೊಡನೆ ಮುಂಬೈಗೆ ಬಂದರು. 1936ರಲ್ಲಿ ತಾಜ್ ಮಹಲ್ ಹೋಟೆಲಿನಲ್ಲಿ ತಮ್ಮದೇ ವಾದ್ಯವೃಂದವನ್ನು ಮುನ್ನಡೆಸಿದರು. ಅವರ ವೃಂದದ ತಟ್ಟೆಗಳು ಮುಂಬೈನಲ್ಲಿಯೇ ಮುದ್ರಣಗೊಂಡವು. ಅದೇ ತಂಡದಲ್ಲಿದ್ದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಮುಂದೆ ಕೋಲ್ಕತ್ತದಲ್ಲಿ ನೆಲೆಸಿ, 1945ರಲ್ಲಿ ಕಾಲರಾ ರೋಗಕ್ಕೆ ತುತ್ತಾಗಿ ಅಲ್ಲಿಯೇ ನಿಧನರಾದರು.

ಈ ಸಂಗೀತಗಾರರಿಂದ ಸ್ಫೂರ್ತಿ ಪಡೆದವರಲ್ಲಿ ಗೋವಾದ ವಾದ್ಯಗಾರರು ಮುಂಚೂಣಿಯಲ್ಲಿದ್ದರು. ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತಿದ್ದ ಅವರಿಗೆ ವಾದ್ಯವೃಂದದ ಕೆಲಸ ಸುಲಭಸಾಧ್ಯವಾಗಿತ್ತು. ಚಿಕ್ ಚಾಕೊಲೇಟ್ ಎಂದು ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೊ ಝೇವಿಯರ್ ವಾಝ್, ಫ್ರ್ಯಾಂಕ್ ಫರ್ನಾಂಡ್, ಸೆಬಾಸ್ಟಿಯನ್ ಡಿಸೋಜಾ ಮುಂತಾದವರು ಮುಂದೆ ಹಿಂದಿ ಚಿತ್ರಸಂಗೀತದ ವಾದ್ಯಸಂಯೋಜನೆಗೆ ಹೊಸ ರೂಪ ನೀಡಿದರು. ಸಿ. ರಾಮಚಂದ್ರ ಸಂಗೀತ ನೀಡಿದ 'ಅಲ್ಬೇಲಾ' (1951) ಚಿತ್ರದ ಕುಣಿತದ ಹಾಡುಗಳಲ್ಲಿ ಚಿಕ್ ಚಾಕೊಲೇಟ್ ಅವರ ಕೈವಾಡವಿದೆ. ಆ ಹಾಡುಗಳನ್ನು ಬಾನುಲಿಯಲ್ಲಿ ಕೇಳಿ ಮೆಚ್ಚಿದ ಕನ್ನಡಿಗರು, ನ್ಯೂಯಾರ್ಕ್‌ನ ನೃತ್ಯಶಾಲೆಗಳ ದೂರದ ನಂಟನ್ನು ತಮಗರಿಯದೆಯೇ ಕೇಳಿದ್ದಾರೆಂದರೆ ಅತಿಶಯೋಕ್ತಿಯಲ್ಲ. ಮಂಗಳೂರು ಭಾಗದ ಕ್ರೈಸ್ತ ವಿವಾಹ ಸಮಾರಂಭಗಳಲ್ಲಿ ವಾಲ್ಟ್ಜ್ ಹೆಜ್ಜೆ ಇಂದಿಗೂ ಪರಿಚಿತವೇ.

ಅರಗಿನ ತಟ್ಟೆ

ಇನ್ನೊಂದು ನಂಟು ತಟ್ಟೆಯ ಮೈಯಲ್ಲಿಯೇ ಇದೆ. 78 ಸುತ್ತಿನ ತಟ್ಟೆಗಳ ಮುಖ್ಯ ಅಂಟು ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗೇ ಇದು. ಮುತ್ತುಗ, ಬೋರೆ, ಕುಸುಂ ಮರಗಳ ಮೇಲೆ ಬದುಕುವ ಕೀಟ ಸ್ರವಿಸುವ ಈ ಅಂಟಿಗೆ ಆಗ ಜಗತ್ತಿನ ಪ್ರಧಾನ ಮೂಲ ಭಾರತ. ವಿಶೇಷವಾಗಿ ಛೋಟಾ ನಾಗಪುರದ ಕಾಡುಗಳು. ಕಲ್ಲಿನ ಪುಡಿ, ಹತ್ತಿಯ ನಾರು ಮತ್ತು ಕಾಡಿಗೆಯನ್ನು ಅರಗಿನೊಡನೆ ಬೆರೆಸಿ, ಕಾಯಿಸಿ, ಒತ್ತಿ ತಟ್ಟೆ ತಯಾರಿಸಲಾಗುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅರಗಿನ ಆಮದಿಗೆ ತೊಡಕುಂಟಾಯಿತು. 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆಗಳಿಗೆ ಅರಗಿನ ಬಳಕೆಯನ್ನು ತೀವ್ರವಾಗಿ ಕಡಿತಗೊಳಿಸಿತು. ಹೊಸ ತಟ್ಟೆ ಒತ್ತಲು ಹಳೆಯ ತಟ್ಟೆಗಳನ್ನು ಮನೆಮನೆಯಿಂದ ಸಂಗ್ರಹಿಸಿ ಪುಡಿ ಮಾಡಲಾಯಿತು. ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ನೃತ್ಯಸಂಗೀತ ಆಗ ಯಾರಿಗೂ ಬೇಡದ ಸರಕಾಗಿತ್ತು.

ಉಳಿದ ತಟ್ಟೆಗಳಿಗೂ ಅಪಾಯ ತಪ್ಪಿಲ್ಲ. ಮನೆಯ ಅಟ್ಟದಲ್ಲಿ ಇಂತಹ ತಟ್ಟೆಗಳು ಸಿಕ್ಕಿದವರು ಕೆಲವು ಎಚ್ಚರಿಕೆಗಳನ್ನು ಪಾಲಿಸುವುದು ಅಗತ್ಯ. ಅರಗು ಸ್ಪಿರಿಟ್‌ನಲ್ಲಿ ಕರಗುವುದರಿಂದ ಸ್ಪಿರಿಟ್ ಅಥವಾ ಅದು ಬೆರೆತ ದ್ರಾವಣಗಳಿಂದ ತಟ್ಟೆಯನ್ನು ಒರೆಸಕೂಡದು. ಭಟ್ಟಿ ಇಳಿಸಿದ ನೀರಿನಲ್ಲಿ ಒಂದೆರಡು ಹನಿ ಸೌಮ್ಯವಾದ ಸಾಬೂನು ಬೆರೆಸಿ, ಕಾಗದದ ಚೀಟಿ ನೆನೆಯದಂತೆ, ಮೃದುವಾದ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ ಒಣಗಿಸಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಇಡಬೇಕು. ಎಲ್‌ಪಿ ತಟ್ಟೆಯ ಸೂಜಿ ಇದಕ್ಕೆ ಒಗ್ಗದು. 78 ಸುತ್ತಿನ ತಟ್ಟೆಯ ಗೆರೆ ಅಗಲವಾದುದರಿಂದ ಸುಮಾರು ಮೂರು ಪಟ್ಟು ದಪ್ಪ ತುದಿಯ ಸೂಜಿ ಬೇಕು. ಹಳೆಯ ಕೀಲಿ ಗ್ರಾಮಫೋನ್‌ನಲ್ಲಿಯೇ ನುಡಿಸುವುದಾದರೆ ಉಕ್ಕಿನ ಸೂಜಿಯನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಸವೆದ ಸೂಜಿ ಗೆರೆಯನ್ನು ಕೆತ್ತಿ ಹಾಳುಮಾಡುತ್ತದೆ.

ಎಲ್ಲಿ ಕೇಳಬಹುದು?

ತಟ್ಟೆಯಾಗಲಿ ಯಂತ್ರವಾಗಲಿ ಇಲ್ಲದವರಿಗೂ ಇಂದು ದಾರಿಯಿದೆ. ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಆರಂಭಿಸಿದ ನ್ಯಾಷನಲ್ ಜೂಕ್‌ಬಾಕ್ಸ್ ಅಂತರಜಾಲ ತಾಣದಲ್ಲಿ ಹತ್ತು ಸಾವಿರಕ್ಕೂ ಅಧಿಕ ಹಳೆಯ ಧ್ವನಿಮುದ್ರಿಕೆಗಳನ್ನು ಉಚಿತವಾಗಿ ಆಲಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರವು ನಿರ್ವಹಿಸುವ ಅಮೆರಿಕದ ಐತಿಹಾಸಿಕ ಧ್ವನಿಮುದ್ರಿಕೆಗಳ ಸೂಚಿಯಲ್ಲಿ ತಟ್ಟೆ ಮುದ್ರಣವಾದ ದಿನ, ಸ್ಥಳ ಮತ್ತು ವಾದ್ಯಗಾರರ ವಿವರಗಳು ದೊರೆಯುತ್ತವೆ.

ಹಕ್ಕುಸ್ವಾಮ್ಯದ ತೊಡಕೂ ಕ್ರಮೇಣ ಸಡಿಲಗೊಳ್ಳುತ್ತಿದೆ. ಅಮೆರಿಕದ 2018ರ ಕಾಯ್ದೆಯನ್ವಯ 1923ಕ್ಕೂ ಮುಂಚಿನ ಧ್ವನಿಮುದ್ರಿಕೆಗಳು 2022ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಬಳಿಕದ ತಟ್ಟೆಗಳು ನೂರು ವರ್ಷ ತುಂಬುತ್ತಿದ್ದಂತೆ ಬಿಡುಗಡೆಯಾಗುತ್ತಿವೆ. 1924ರ ತಟ್ಟೆಗಳ ಸರದಿ 2025ರ ಜನವರಿ 1ರಂದು ಬಂದಿತು. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕಿನ ಅವಧಿ ಪ್ರಕಟಣೆಯ ನಂತರದ 60 ವರ್ಷಗಳು.

ಹೊಸದಾಗಿ ಆಲಿಸುವವರು ನಾಲ್ಕು ತಟ್ಟೆಗಳಿಂದ ಆರಂಭಿಸಬಹುದು: ಯುರೋಪ್ ಅವರ 'ಕ್ಯಾಸಲ್ ಹೌಸ್ ರ‍್ಯಾಗ್' (1914), ವೈಟ್‌ಮನ್ ಅವರ 'ವಿಸ್ಪರಿಂಗ್' (1920) ಹಾಗೂ 'ರಾಪ್ಸಡಿ ಇನ್ ಬ್ಲೂ' ಕೃತಿಯ ಎರಡು ಮುದ್ರಣಗಳು (1924 ಮತ್ತು 1927). ಎಲ್ಲ ಸೇರಿದರೂ ಅರ್ಧ ಗಂಟೆಗೆ ಮೀರದು. ಮೊದಲನೆಯದನ್ನು ಕೇಳುವಾಗ, ಹಾಳೆ ಓದಬಲ್ಲವರಾಗಿದ್ದೂ ಓದಲಾರದವರಂತೆ ನುಡಿಸಬೇಕಾಗಿದ್ದ ವಾದ್ಯಗಾರರನ್ನು ನೆನೆಯುವುದು ಉಚಿತ. ಅವರು ಸಾವಿರಾರು ರಾತ್ರಿ ಕುಣಿಸಿದ ಸಂಗೀತದಲ್ಲಿ ತುತ್ತೂರಿಗೆ ದಕ್ಕಿದ್ದು ಕೆಲವೇ ನಿಮಿಷಗಳಷ್ಟು.